ಅದೇ ಅಕ್ಷರ, ಬೇರೆ ಪದ: ಇಂಗ್ಲಿಷ್ ಅನಗ್ರಾಮ್‌ಗಳನ್ನು ಅರ್ಥದ ಸಮೇತ ಕಲಿಯೋದು ಹೇಗೆ?

ಪದಪ್ರೀತಿ

ಎಲ್ಲರಿಗೂ ನಮಸ್ಕಾರ. ಒಂದೇ ಅಕ್ಷರಗಳನ್ನು ಹಿಂದೆ ಮುಂದೆ ಮಾಡಿದರೆ ಸಿಗುವ ಇಂಗ್ಲಿಷ್ ಪದಗಳನ್ನು ಗುಂಪು ಗುಂಪಾಗಿ ಬರೆದಿಡುತ್ತಿದ್ದೇನೆ. ಅನಗ್ರಾಮ್ ಅಂತಾರಲ್ಲ, ಅದೇ. ಇಂಥ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಆದರೆ ಪದಗಳನ್ನು ಸಾಲಾಗಿ ಕೊಟ್ಟು ಅಲ್ಲಿಗೇ ಬಿಡುತ್ತವೆ. ಅರ್ಥ ಗೊತ್ತಿಲ್ಲದ ಪದ ತಲೆಯಲ್ಲಿ ಎಷ್ಟು ದಿನ ನಿಂತೀತು?

ಒಂದು ಗುಂಪು ಹೀಗಿದೆ. ಎ, ಇ, ಎಲ್, ಎಸ್, ಟಿ. ‘ಲೀಸ್ಟ್’ ಅಂದರೆ ಎಲ್ಲಕ್ಕಿಂತ ಕಡಿಮೆ. ‘ಸ್ಟೀಲ್’ ಅಂದರೆ ಕದಿಯುವುದು (ಉಕ್ಕಿಗೆ ಹೇಳುವ ಸ್ಟೀಲ್ ಬೇರೆ, ಅದರಲ್ಲಿ ಇ ಎರಡು ಸಲ ಬರುತ್ತದೆ). ‘ಸ್ಟೇಲ್’ ಅಂದರೆ ಹಳಸಿದ್ದು. ‘ಸ್ಲೇಟ್’ ಬಳಪದಲ್ಲಿ ಬರೆಯುವ ಹಲಗೆ, ಪದರ ಪದರವಾಗಿ ಸೀಳಿಕೊಳ್ಳುವ ಆ ಕಲ್ಲಿನ ಹೆಸರೂ ಅದೇ. ‘ಟೇಲ್ಸ್’ ಕಥೆಗಳು. ‘ಟೀಲ್ಸ್’ ಚಿಕ್ಕ ಜಾತಿಯ ಬಾತುಗಳು. ನೀಲಿ ಹಸಿರು ಬೆರೆತ ಬಣ್ಣಕ್ಕೆ ಟೀಲ್ ಅನ್ನೋದು ಆ ಬಾತಿನ ತಲೆ ಮೇಲಿನ ಪಟ್ಟೆಯಿಂದ ಬಂತು. ಕೊನೆಯದು ಟಿ-ಎ-ಇ-ಎಲ್-ಎಸ್. ಚೀನಾ ಕಡೆಯ ಹಳೇ ತೂಕದ ಅಳತೆ, ಬೆಳ್ಳಿಯನ್ನು ಇದರಲ್ಲೇ ತೂಗುತ್ತಿದ್ದರು. ಅದನ್ನೂ ‘ಟೇಲ್ಸ್’ ಅಂತಲೇ ಓದೋದು!

ನನ್ನ ಪ್ರಶ್ನೆ ಇಷ್ಟು. ಇಂಥ ಪದಗಳನ್ನು ನೀವು ಹೇಗೆ ನೆನಪಿಟ್ಟುಕೊಳ್ಳುತ್ತೀರಿ? ಒಂದೇ ಗುಂಪಿನ ಪದಗಳ ನಡುವೆ ಏನಾದರೂ ನಂಟು ಇರುತ್ತದಾ?

ಟೈಲ್ ಆಟಗಾರ್ತಿ

ಒಳ್ಳೆ ಕೆಲಸ ಹಿಡಿದಿದ್ದೀರಿ. ನಾನು ಸ್ಕ್ರ್ಯಾಬಲ್ ಆಡುವವಳು, ಅಕ್ಷರದ ಬಿಲ್ಲೆಗಳನ್ನು (ಟೈಲ್) ಜೋಡಿಸಿ ಪದ ಕಟ್ಟುವ ಆಟ. ನಮ್ಮ ಕಡೆ ಇದಕ್ಕೊಂದು ಪದ್ಧತಿ ಇದೆ. ಪದದ ಅಕ್ಷರಗಳನ್ನು ಎ ಇಂದ ಝಡ್ ಕ್ರಮದಲ್ಲಿ ಜೋಡಿಸಿ ಬರೆದುಕೊಳ್ಳುತ್ತೇವೆ. ಅದಕ್ಕೆ ಆಲ್ಫಾಗ್ರಾಮ್ ಅಂತ ಹೆಸರು. ನಿಮ್ಮ ಗುಂಪಿನ ಆಲ್ಫಾಗ್ರಾಮ್ ಎ-ಇ-ಎಲ್-ಎಸ್-ಟಿ. ಆ ಐದು ಅಕ್ಷರ ಕಣ್ಣಿಗೆ ಬಿದ್ದ ತಕ್ಷಣ ಏಳೂ ಪದ ನೆನಪಾಗಬೇಕು. ಅಭ್ಯಾಸ ಮಾಡೋದೇ ಅದಕ್ಕೆ.

ನಮಗೆ ಹಬ್ಬದಂಥ ಗುಂಪು ಎ-ಇ-ಐ-ಎನ್-ಆರ್-ಎಸ್-ಟಿ. ಏಳು ಅಕ್ಷರ. ಕೈಯಲ್ಲಿರುವ ಏಳೂ ಟೈಲ್ ಒಟ್ಟಿಗೆ ಇಳಿಸಿದರೆ 50 ಅಂಕ ಬೋನಸ್. ಈ ಗುಂಪಿನಲ್ಲಿ ‘ರಿಟೇನ್ಸ್’ (ಉಳಿಸಿಕೊಳ್ಳುತ್ತದೆ), ‘ರೆಟಿನಾಸ್’ (ಕಣ್ಣಿನ ಒಳಪದರಗಳು), ‘ನಾಸ್ಟಿಯರ್’ (ಇನ್ನೂ ಕೆಟ್ಟದಾದ), ‘ಸ್ಟೇನರ್’ (ಮರಕ್ಕೆ ಬಣ್ಣ ಹಿಡಿಸುವವನು), ‘ಆ್ಯಂಟ್ಸಿಯರ್’ (ಇನ್ನೂ ಚಡಪಡಿಸುವ), ‘ಸ್ಟಿಯರಿನ್’ (ಮೇಣದಬತ್ತಿಗೆ ಬಳಸುವ ಕೊಬ್ಬಿನ ಪದಾರ್ಥ), ‘ರೆಟ್ಸಿನಾ’ (ಪೈನ್ ಮರದ ಅಂಟು ಸೇರಿಸಿದ ಗ್ರೀಸ್ ದೇಶದ ವೈನ್) ಎಲ್ಲ ಇವೆ.

ಈ ಏಳು ಅಕ್ಷರಗಳಲ್ಲೇ ಇಷ್ಟು ಪದ ಯಾಕೆ? ಇಂಗ್ಲಿಷ್‌ನಲ್ಲಿ ಜಾಸ್ತಿ ಓಡಾಡುವ ಅಕ್ಷರಗಳೇ ಇವು. ಈ ಆಟ ಕಟ್ಟಿದ ಆಲ್ಫ್ರೆಡ್ ಬಟ್ಸ್ ಅಮೆರಿಕದ ವಾಸ್ತುಶಿಲ್ಪಿ. ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಪತ್ರಿಕೆಯ ಪುಟಗಳಲ್ಲಿ ಎಣಿಸಿ ಟೈಲ್‌ಗಳ ಸಂಖ್ಯೆ ಗೊತ್ತು ಮಾಡಿದರು. ಒಟ್ಟು 100 ಟೈಲ್. ಅದರಲ್ಲಿ ಇ 12, ಎ ಮತ್ತು ಐ ತಲಾ 9, ಎನ್, ಆರ್, ಟಿ ತಲಾ 6. ಎಸ್ ಮಾತ್ರ 4. ಎಸ್ ಜಾಸ್ತಿ ಕೊಟ್ಟರೆ ಎಲ್ಲರೂ ಬಹುವಚನ ಮಾಡಿಕೊಂಡೇ ಆಟ ಮುಗಿಸಿಬಿಡುತ್ತಾರೆ.

ಅರ್ಥದ ವಿಷಯಕ್ಕೆ ಬರ್ತೀನಿ. ಅರ್ಥ ತಿಳಿಯದೆಯೂ ಆಡಬಹುದು ಅನ್ನುವ ಆಟಗಾರರು ತುಂಬಾ ಜನ. ನಾನು ಒಪ್ಪಲ್ಲ. ‘ರೆಟ್ಸಿನಾ’ ಒಂದು ವಸ್ತು ಅಂತ ಗೊತ್ತಿದ್ದರೆ ಕೊನೆಗೆ ಎಸ್ ಸೇರಿಸಬಹುದು ಅಂತಲೂ ಗೊತ್ತಾಗುತ್ತದೆ. ‘ನಾಸ್ಟಿಯರ್’ ಹೋಲಿಕೆ ಹೇಳುವ ಪದ, ಅದಕ್ಕೆ ಎಸ್ ಹತ್ತಲ್ಲ. ‘ರಿಟೇನ್ಸ್’ ಆಗಲೇ ಎಸ್ ಹಾಕಿಕೊಂಡು ಬಂದಿದೆ. ಅರ್ಥ ಗೊತ್ತಿಲ್ಲದವರು ಈ ಮೂರನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಕು.

ಹೊಸ ಕಲಿಕೆ

ನಂಟಿನ ಬಗ್ಗೆ ಕೇಳಿದಿರಲ್ಲ, ನನಗೆ ‘ಲಿಸನ್’ ಮತ್ತು ‘ಸೈಲೆಂಟ್’ ತುಂಬಾ ಇಷ್ಟ. ಎರಡರಲ್ಲೂ ಅದೇ ಆರು ಅಕ್ಷರ. ಕೇಳಿಸಿಕೊಳ್ಳಬೇಕಾದರೆ ಸುಮ್ನಿರಬೇಕು ಅಂತ ಭಾಷೆಯೇ ಹೇಳ್ತಾ ಇದೆ ಅನ್ನಿಸುತ್ತೆ.

ಹಳೇ ಓದುಗ

ಮಾತು ಚೆನ್ನಾಗಿದೆ. ಆದರೆ ಅದು ಭಾಷೆ ಹೇಳಿದ ಮಾತಲ್ಲ. ನಾವು ಭಾಷೆಗೆ ಅಂಟಿಸಿದ್ದು. ‘ಲಿಸನ್’ ಹಳೇ ಇಂಗ್ಲಿಷ್‌ನಿಂದಲೇ ಇಳಿದು ಬಂದ ಪದ. ‘ಸೈಲೆಂಟ್’ ಲ್ಯಾಟಿನ್ ಕಡೆಯದು, ‘ಸಿಲೇರೆ’ ಅಂದರೆ ಸುಮ್ಮನಿರುವುದು. ಎರಡೂ ಬೇರೆ ಬೇರೆ ಮನೆಯವು.

ಅದೇ ಆರು ಅಕ್ಷರಗಳಲ್ಲಿ ಇನ್ನೂ ಮೂರು ಪದ ಇವೆ. ‘ಟಿನ್ಸೆಲ್’, ಅಲಂಕಾರಕ್ಕೆ ಕಟ್ಟುವ ಮಿರಮಿರ ಮಿಂಚುವ ಜರಿ. ಇದು ಹಳೇ ಫ್ರೆಂಚ್‌ನಿಂದ ಬಂತು, ಅದರ ಬೇರು ಲ್ಯಾಟಿನ್‌ನ ‘ಸಿಂಟಿಲ್ಲಾ’, ಅಂದರೆ ಕಿಡಿ. ‘ಎನ್‌ಲಿಸ್ಟ್’ ಅಂದರೆ ಹೆಸರು ಬರೆಸಿ ಸೈನ್ಯಕ್ಕೆ ಸೇರುವುದು, ‘ಲಿಸ್ಟ್’ ಅನ್ನುವ ಪದದಿಂದ ಕಟ್ಟಿದ್ದು. ‘ಇನ್‌ಲೆಟ್ಸ್’ ಅಂದರೆ ನೀರು ಒಳಗೆ ಬರುವ ದಾರಿಗಳು. ಸುಮ್ಮನಿದ್ದು ಕೇಳು ಅನ್ನೋದು ನಿಜವಾದ ಸಂದೇಶ ಆಗಿದ್ದರೆ ಜರಿಗೂ ಸೈನ್ಯಕ್ಕೂ ಅದರಲ್ಲಿ ಏನು ಕೆಲಸ?

ನನಗೆ ನಿಜವಾಗಿ ಬೆರಗು ಹುಟ್ಟಿಸುವ ಜೋಡಿ ‘ಆ್ಯಂಗರ್ಡ್’ ಮತ್ತು ‘ಎನ್‌ರೇಜ್ಡ್’. ಎರಡಕ್ಕೂ ಸಿಟ್ಟಿಗೆದ್ದ ಅನ್ನುವ ಅರ್ಥ. ಎರಡರಲ್ಲೂ ಎ, ಡಿ, ಎರಡು ಇ, ಜಿ, ಎನ್, ಆರ್. ಆದರೆ ‘ಆ್ಯಂಗರ್’ ಸ್ಕ್ಯಾಂಡಿನೇವಿಯಾ ಕಡೆಯ ಹಳೇ ನಾರ್ಸ್ ಭಾಷೆಯಿಂದ ಬಂತು, ‘ರೇಜ್’ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ. ‘ಈವಿಲ್’ ಮತ್ತು ‘ವೈಲ್’ ಕೂಡ ಹಾಗೇ. ಎರಡೂ ಕೆಟ್ಟದ್ದು ಅನ್ನುತ್ತವೆ, ಎರಡರಲ್ಲೂ ಅದೇ ನಾಲ್ಕು ಅಕ್ಷರ. ಮೊದಲನೆಯದು ಹಳೇ ಇಂಗ್ಲಿಷ್. ಎರಡನೆಯದರ ಮೂಲ ಲ್ಯಾಟಿನ್‌ನಲ್ಲಿ ‘ಅಗ್ಗದ್ದು’ ಅಂತಿತ್ತು, ಬರ್ತಾ ಬರ್ತಾ ‘ನೀಚ’ ಆಯಿತು. ಅದೇ ನಾಲ್ಕು ಅಕ್ಷರಗಳಲ್ಲಿ ‘ವೇಲ್’ ಕೂಡ ಇದೆ, ಮುಸುಕು. ಬದುಕು ಅನ್ನುವ ‘ಲಿವ್’ ಕೂಡ.

ಉಲ್ಟಾ ಅರ್ಥ ಬೇಕಾ? ‘ಯುನೈಟೆಡ್’ ಒಂದಾದದ್ದು, ‘ಅನ್‌ಟೈಡ್’ ಕಟ್ಟು ಬಿಚ್ಚಿದ್ದು. ಐ ಮತ್ತು ಟಿ ಜಾಗ ಬದಲಾಯಿಸಿಕೊಂಡಿವೆ, ಅಷ್ಟೇ.

ಪದಪ್ರೀತಿ

ಅಂದರೆ ನಂಟು ಇಲ್ಲವೇ ಇಲ್ಲ ಅಂತೀರಾ?

ಹಳೇ ಓದುಗ

ಅಕ್ಷರ ಒಂದೇ ಅನ್ನುವ ಕಾರಣಕ್ಕೆ ನಂಟು ಬರಲ್ಲ ಅಂತೀನಿ. ಬೇರು ಒಂದೇ ಆಗಿದ್ದರೆ ಆ ಮಾತು ಬೇರೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ಪದದ ಮುಂದೆ ಅದರ ಬೇರು ಒಂದು ಸಾಲಿನಲ್ಲಿ ಬರೆಯಿರಿ. ಅರ್ಥ ಗಟ್ಟಿಯಾಗಿ ಕೂರುತ್ತದೆ. ‘ರೆಟಿನಾ’ದ ಹಿಂದೆ ಲ್ಯಾಟಿನ್‌ನ ‘ರೇಟೆ’ ಇದೆ, ಬಲೆ ಅಂತ ಅರ್ಥ. ‘ರಿಟೇನ್’ ಹಿಂದೆ ‘ಟೆನೇರೆ’ ಇದೆ, ಹಿಡಿದುಕೊಳ್ಳುವುದು. ಬಲೆ ಒಂದು ಕಡೆ, ಹಿಡಿತ ಇನ್ನೊಂದು ಕಡೆ. ಆಮೇಲೆ ಎರಡನ್ನೂ ಕಲಸಿಕೊಳ್ಳೋಕೆ ಆಗಲ್ಲ.

ಗಣಿತದ ಮೇಷ್ಟ್ರು

ತಡವಾಗಿ ಬಂದೆ, ನನ್ನ ವಿಷಯದವೂ ಕೆಲವು ಇವೆ. ‘ಇಂಟಿಗ್ರಲ್’ ಮತ್ತು ‘ಟ್ರಯಾಂಗಲ್’ ಎರಡರಲ್ಲೂ ಅದೇ ಎಂಟು ಅಕ್ಷರ. ‘ರಿಲೇಟಿಂಗ್’ (ಸಂಬಂಧಿಸುವ), ‘ಆಲ್ಟರಿಂಗ್’ (ಬದಲಾಯಿಸುವ), ‘ಅಲರ್ಟಿಂಗ್’ (ಎಚ್ಚರಿಸುವ) ಕೂಡ ಅದೇ ಗುಂಪು.

ಇನ್ನೊಂದು ‘ಆಲ್ಗಾರಿದಮ್ಸ್’ ಮತ್ತು ‘ಲಾಗರಿದಮ್ಸ್’. ‘ಲಾಗರಿದಮ್’ ಪದವನ್ನು ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಗ್ರೀಕ್‌ನ ‘ಲೋಗೋಸ್’ ಮತ್ತು ‘ಅರಿತ್ಮೋಸ್’ ಸೇರಿಸಿ ಕಟ್ಟಿದ. ‘ಅರಿತ್ಮೋಸ್’ ಅಂದರೆ ಸಂಖ್ಯೆ. ಅವನ ಕೋಷ್ಟಕಗಳು ಬಂದದ್ದು 1614ರಲ್ಲಿ. ‘ಆಲ್ಗಾರಿದಮ್’ ಬಂದದ್ದು ಒಬ್ಬ ಮನುಷ್ಯನ ಹೆಸರಿನಿಂದ, ಒಂಬತ್ತನೇ ಶತಮಾನದ ಗಣಿತಜ್ಞ ಅಲ್ ಖ್ವಾರಿಜ್ಮಿ. ಮೊದಲು ಇಂಗ್ಲಿಷ್‌ನಲ್ಲಿ ಅದು ‘ಆಲ್ಗಾರಿಸಮ್’ ಅಂತಿತ್ತು. ‘ಅರಿತ್ಮೋಸ್’ನ ಸೆಳೆತಕ್ಕೆ ಸಿಕ್ಕಿ ಕಾಗುಣಿತ ಬದಲಾಯಿತು. ಹಾಗಾಗಿ ಇಲ್ಲಿ ಪೂರ್ತಿ ಕಾಕತಾಳೀಯ ಅನ್ನೋಕೂ ಆಗಲ್ಲ. ಬಾಲ ಒಂದೇ ಥರ ಆದದ್ದಕ್ಕೆ ಕಾರಣ ಇದೆ.

ಸ್ವಲ್ಪ ಲೆಕ್ಕ. ಬೇರೆ ಬೇರೆ ಏಳು ಅಕ್ಷರಗಳನ್ನು 5040 ರೀತಿ ಜೋಡಿಸಬಹುದು. ಮೇಡಂ ಹೇಳಿದ ಗುಂಪಿನಲ್ಲಿ ಪದ ಆಗಿ ನಿಲ್ಲುವುದು ಬೆರಳೆಣಿಕೆಯಷ್ಟು. ಈಗ ಒ, ಪಿ, ಎಸ್, ಟಿ ತಗೊಳ್ಳಿ. ನಾಲ್ಕು ಅಕ್ಷರ, 24 ಜೋಡಣೆ. ಅದರಲ್ಲಿ ಆರು ಪದ: ‘ಸ್ಟಾಪ್’, ‘ಸ್ಪಾಟ್’, ‘ಪೋಸ್ಟ್’, ‘ಪಾಟ್ಸ್’, ‘ಟಾಪ್ಸ್’, ‘ಆಪ್ಟ್ಸ್’. ನಾಲ್ಕರಲ್ಲಿ ಒಂದು! ಎಸ್-ಟಿ, ಎಸ್-ಪಿ ಎರಡೂ ಪದದ ಮೊದಲಲ್ಲಿ ಬರಬಲ್ಲವು. ಪಿ-ಎಸ್, ಟಿ-ಎಸ್, ಎಸ್-ಟಿ ಕೊನೆಯಲ್ಲಿ ಬರಬಲ್ಲವು. ಸ್ವರ ಒಂದೇ ಇರುವುದರಿಂದ ಅದು ಮಧ್ಯೆ ಕೂತರೆ ಸಾಕು.

ಕೊನೆಗೆ ಒಂದು ಸೊಗಸಾದ ವಾಕ್ಯ: ‘ಇಲೆವೆನ್ ಪ್ಲಸ್ ಟೂ’. ಇದರ ಅಕ್ಷರಗಳನ್ನು ಕದಡಿದರೆ ‘ಟ್ವೆಲ್ವ್ ಪ್ಲಸ್ ಒನ್’ ಸಿಗುತ್ತದೆ. ಅಕ್ಷರವೂ ಸರಿ, ಉತ್ತರವೂ ಸರಿ, ಎರಡೂ 13.

ಕರಡು ತಿದ್ದುವವ

ಇದೆಲ್ಲ ಓದೋಕೆ ಖುಷಿಯೇ. ಆದರೆ ನನ್ನ ಕೆಲಸದಲ್ಲಿ ಈ ಪದಗಳು ದಿನಾ ಕಾಡುತ್ತವೆ. ಕಂಪ್ಯೂಟರ್‌ನ ಸ್ಪೆಲಿಂಗ್ ತಿದ್ದುವ ಸೌಲಭ್ಯ ಇವನ್ನು ಹಿಡಿಯದೆ ಹೋಗುವುದೇ ಜಾಸ್ತಿ. ಎರಡೂ ನಿಘಂಟಿನಲ್ಲಿರುವ ಪದ, ಕೆಂಪು ಗೆರೆ ಬರಲ್ಲ.

ಅತಿ ಹೆಚ್ಚು ಸಿಗುವುದು ‘ಫ್ರಮ್’ ಬದಲು ‘ಫಾರ್ಮ್’. ಆಮೇಲೆ ‘ಕ್ವೈಟ್’ ಮತ್ತು ‘ಕ್ವಯಟ್’, ‘ಟ್ರಯಲ್’ ಮತ್ತು ‘ಟ್ರೇಲ್’, ‘ಡೈರಿ’ ಮತ್ತು ‘ಡೇರಿ’. ಇವು ಬಂದರೆ ಓದುವವರು ಹೇಗೋ ಸರಿಮಾಡಿಕೊಳ್ಳುತ್ತಾರೆ. ಭಯ ಇರುವುದು ‘ಕಾಸಲ್’ ಮತ್ತು ‘ಕ್ಯಾಶುವಲ್’ ಥರದ ಜೋಡಿಯಲ್ಲಿ. ಮೊದಲನೆಯದು ಕಾರಣಕ್ಕೆ ಸಂಬಂಧಿಸಿದ್ದು. ಎರಡನೆಯದು ಅಷ್ಟೇನೂ ಗಂಭೀರವಲ್ಲದ್ದು. ಸಂಶೋಧನೆಯ ಬರಹದಲ್ಲಿ ‘ಇವೆರಡರ ನಡುವೆ ಕಾರಣದ ಸಂಬಂಧ ಇದೆ’ ಅನ್ನೋ ಕಡೆ ‘ಕ್ಯಾಶುವಲ್’ ಬಿದ್ದರೆ ವಾಕ್ಯ ನೆಟ್ಟಗೇ ಇರುತ್ತದೆ, ವಿಷಯ ಕೆಟ್ಟಿರುತ್ತದೆ.

‘ಕಂಪ್ಲಯಂಟ್’ ಮತ್ತು ‘ಕಂಪ್ಲೇಂಟ್’ ಇನ್ನೂ ಕಷ್ಟ. ನಿಯಮಕ್ಕೆ ಬದ್ಧವಾದದ್ದು ಒಂದು, ದೂರು ಇನ್ನೊಂದು. ಎ ಮತ್ತು ಐ ಅದಲುಬದಲು, ಅಷ್ಟೇ. ವರದಿಯ ತಲೆಬರಹದಲ್ಲೇ ಇದು ತಪ್ಪಾಗಿ ಕೂತಿರುವುದನ್ನು ನೋಡಿದ್ದೇನೆ. ದೊಡ್ಡ ಅಕ್ಷರದಲ್ಲಿ ಇದ್ದದ್ದನ್ನೇ ಯಾರೂ ಗಮನಿಸಿರಲಿಲ್ಲ. ‘ಮಾರ್ಷಲ್’ (ಯುದ್ಧದ) ಮತ್ತು ‘ಮ್ಯಾರಿಟಲ್’ (ಮದುವೆಯ), ‘ಅನ್‌ಕ್ಲಿಯರ್’ (ಸ್ಪಷ್ಟವಲ್ಲದ) ಮತ್ತು ‘ನ್ಯೂಕ್ಲಿಯರ್’ (ಅಣು) ಕೂಡ ಇದೇ ಸಾಲಿನವು.

ನಾನು ಮಾಡುವುದು ಇಷ್ಟು. ಇಂಥ ಜೋಡಿಗಳ ಚೀಟಿ ಇಟ್ಟುಕೊಂಡು, ಬರಹ ಕಳಿಸುವ ಮುಂಚೆ ಒಂದೊಂದನ್ನೇ ಹುಡುಕಿ ನೋಡುತ್ತೇನೆ. ಆಮೇಲೆ ಕಂಪ್ಯೂಟರ್‌ನಿಂದ ಜೋರಾಗಿ ಓದಿಸುತ್ತೇನೆ. ಕಣ್ಣಿಗೆ ಒಂದೇ ಥರ ಕಂಡರೂ ಕಿವಿಗೆ ಬೇರೆ ಬೇರೆ.

ಹೊಸ ಕಲಿಕೆ

ಕಿವಿಗೆ ಬೇರೆ ಅಂದಿರಲ್ಲ, ಅದೇ ನನಗೆ ಗೊಂದಲ. ‘ಲಿಸನ್’, ‘ಸೈಲೆಂಟ್’ ಅಂತ ಕನ್ನಡದಲ್ಲಿ ಬರೆದರೆ ಒಂದಕ್ಕೊಂದು ಹೋಲಿಕೆಯೇ ಇಲ್ಲ. ಅಕ್ಷರ ಒಂದೇ ಅಂತ ನಂಬೋದು ಹೇಗೆ?

ಪದಪ್ರೀತಿ

ಇಂಗ್ಲಿಷ್‌ನಲ್ಲಿ ಅಕ್ಷರ ಒಂದು, ಉಲಿ ಇನ್ನೊಂದು ಅಲ್ವಾ? ‘ಲಿಸನ್’ನಲ್ಲಿ ಟಿ ಬರೆಯುತ್ತೇವೆ, ಓದಲ್ಲ. ಕೋಟೆಗೆ ಹೇಳುವ ‘ಕಾಸಲ್’ನಲ್ಲೂ ಹಾಗೇ (ಮೇಲೆ ಬಂದ, ಕಾರಣಕ್ಕೆ ಸಂಬಂಧಿಸಿದ ‘ಕಾಸಲ್’ ಬೇರೆ ಪದ). ‘ಸೈಲೆಂಟ್’ನಲ್ಲಿ ಅದೇ ಟಿ ಕೇಳಿಸುತ್ತದೆ. ‘ಲಿಸನ್’ನಲ್ಲಿ ಐ ‘ಇ’ ಆಗುತ್ತದೆ, ‘ಸೈಲೆಂಟ್’ನಲ್ಲಿ ‘ಐ’ ಆಗುತ್ತದೆ.

ಕನ್ನಡದಲ್ಲಿ ಹಾಗಲ್ಲ. ‘ನದಿ’ ತಿರುಗಿಸಿದರೆ ‘ದಿನ’. ‘ನವ’ ತಿರುಗಿಸಿದರೆ ‘ವನ’. ‘ರಸ’, ‘ಸರ’. ಬರೆದದ್ದೂ ಕೇಳಿದ್ದೂ ಒಂದೇ, ಕಣ್ಣು ಕಿವಿ ಎರಡಕ್ಕೂ ಗೊತ್ತಾಗುತ್ತದೆ. ‘ದಾನ’ ಮತ್ತು ‘ನಾದ’ ಆಗಬಹುದಾ ಅಂದರೆ ವಾದ ಶುರುವಾಗುತ್ತದೆ. ‘ದಾ’ ಒಂದು ಅಕ್ಷರ ಅಂತ ಎಣಿಸಿದರೆ ಆಗಲ್ಲ. ದೀರ್ಘವನ್ನು ಬಿಡಿಸಿ ಬೇರೆ ಇಟ್ಟರೆ ಆಗುತ್ತದೆ.

ನಿಮ್ಮ ಪ್ರಶ್ನೆಯಿಂದ ಒಂದು ಹೊಳೆಯಿತು. ಪಟ್ಟಿಯಲ್ಲಿ ಉಚ್ಚಾರಕ್ಕೂ ಒಂದು ಕಾಲಂ ಬೇಕು, ಕನ್ನಡ ಲಿಪಿಯಲ್ಲೇ.

ಕೋಡ್ ಬರೆಯುವವಳು

ಪಟ್ಟಿ ಕೈಯಲ್ಲಿ ಮಾಡ್ತಾ ಇದ್ದೀರಾ? ಕಂಪ್ಯೂಟರ್‌ಗೆ ಇದು ತೀರಾ ಸುಲಭದ ಕೆಲಸ. ನಿಘಂಟಿನ ಪ್ರತಿ ಪದದ ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ ಒಂದು ಕೀಲಿ ಮಾಡಿ. ಮೇಡಂ ಹೇಳಿದ ಆಲ್ಫಾಗ್ರಾಮ್ ಅದೇ. ಕೀಲಿ ಒಂದೇ ಇರುವ ಪದಗಳನ್ನು ಒಂದು ಡಬ್ಬಿಗೆ ಹಾಕುತ್ತಾ ಹೋಗಿ. ಒಂದಕ್ಕಿಂತ ಜಾಸ್ತಿ ಪದ ಇರುವ ಡಬ್ಬಿಗಳೇ ನಿಮ್ಮ ಗುಂಪುಗಳು. 5040 ಜೋಡಣೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಅಗತ್ಯವೇ ಇಲ್ಲ.

ಆದರೆ ಹಾಗೆ ಸಿಕ್ಕ ಎಲ್ಲವೂ ಒಳ್ಳೆಯವಲ್ಲ. ‘ಕನ್ಸರ್ವೇಷನಿಸ್ಟ್ಸ್’ ಮತ್ತು ‘ಕಾನ್ವರ್ಸೇಷನಿಸ್ಟ್ಸ್’ ನೋಡಿ. ಪ್ರಕೃತಿ ಕಾಪಾಡುವವರು, ಮಾತಿನಲ್ಲಿ ಚತುರರು. 16 ಅಕ್ಷರ, ಉದ್ದ ಏನೋ ಇದೆ. ಆದರೆ ಎಸ್ ಮತ್ತು ವಿ ಅದಲುಬದಲಾಗಿವೆ, ಉಳಿದದ್ದೆಲ್ಲ ಅಲ್ಲಲ್ಲೇ. ಇದಕ್ಕಿಂತ ‘ಆರ್ಕೆಸ್ಟ್ರಾ’ ಮತ್ತು ‘ಕಾರ್ಟ್‌ಹಾರ್ಸ್’ (ಗಾಡಿ ಎಳೆಯುವ ಕುದುರೆ) ಎಷ್ಟೋ ಮೇಲು.

ನನಗೆ ಎಲ್ಲಕ್ಕಿಂತ ಇಷ್ಟ ‘ಸಿನಿಮಾಟೋಗ್ರಾಫರ್’. ಅದರ 15 ಅಕ್ಷರಗಳನ್ನು ಪೂರ್ತಿ ಕದಡಿದರೆ ‘ಮೆಗಾಕೈರಾಪ್ಟೆರನ್’ ಸಿಗುತ್ತದೆ. ಹಣ್ಣು ತಿನ್ನುವ ದೊಡ್ಡ ಬಾವಲಿಗಳ ಗುಂಪಿಗೆ ಸೇರಿದ ಪ್ರಾಣಿಗೆ ಪ್ರಾಣಿಶಾಸ್ತ್ರದಲ್ಲಿ ನಡೆದು ಬಂದ ಹೆಸರು. ಹಳೇ ಓದುಗರಿಗೆ ಬೇರು ಬೇಕಲ್ಲ: ‘ಮೆಗಾ’ ದೊಡ್ಡದು, ‘ಕೈರ್’ ಕೈ, ‘ಪ್ಟೆರಾನ್’ ರೆಕ್ಕೆ. ಕೈಯೇ ರೆಕ್ಕೆಯಾದ ಪ್ರಾಣಿ. ಎರಡೂ ಪದ ಗ್ರೀಕ್‌ನಿಂದಲೇ ಕಟ್ಟಿದ್ದು, ಆದರೂ ಒಂದರ ತುಂಡು ಇನ್ನೊಂದರಲ್ಲಿ ಹಾಗೇ ಕಾಣಿಸಲ್ಲ.

ಗಣಿತದ ಮೇಷ್ಟ್ರು

ಅಕ್ಷರ ಜೋಡಿಸಿಡುವ ಈ ಉಪಾಯ ಕಂಪ್ಯೂಟರ್‌ಗಿಂತ ತುಂಬಾ ಹಳೆಯದು. 1676ರಲ್ಲಿ ರಾಬರ್ಟ್ ಹುಕ್ ತನ್ನ ಸ್ಪ್ರಿಂಗ್ ನಿಯಮವನ್ನು ಹೀಗೆ ಅಚ್ಚು ಹಾಕಿಸಿದ: ಸಿ-ಇ-ಐ-ಐ-ಐ-ಎನ್-ಒ-ಎಸ್-ಎಸ್-ಎಸ್-ಟಿ-ಟಿ-ಯು-ವಿ. ಬೇರೆಯವರಿಗೆ ಗುಟ್ಟು ಸಿಗಬಾರದು, ಆದರೆ ಕಂಡುಹಿಡಿದದ್ದು ತಾನೇ ಅಂತ ದಾಖಲೆಯೂ ಆಗಬೇಕು. 1678ರಲ್ಲಿ ಬಿಡಿಸಿ ಹೇಳಿದ. ಅದು ಲ್ಯಾಟಿನ್ ವಾಕ್ಯ, ‘ಉಟ್ ಟೆನ್ಸಿಯೋ ಸಿಕ್ ವಿಸ್’. ಎಳೆತ ಎಷ್ಟೋ ಬಲವೂ ಅಷ್ಟೇ ಅಂತ ಅರ್ಥ.

ಗೆಲಿಲಿಯೋ 1610ರಲ್ಲಿ ಶನಿಯ ಬಗ್ಗೆ ಇಂಥದ್ದೇ ಒಂದು ಅಕ್ಷರಗಂಟು ಕಳಿಸಿದ್ದ. ಶನಿಗ್ರಹ ಮೂರು ತುಂಡಾಗಿ ಕಂಡಿತು ಅಂತ ಅದರೊಳಗಿನ ಮಾತು. ಕೆಪ್ಲರ್ ಅದನ್ನು ಬಿಡಿಸಲು ಹೋಗಿ, ಮಂಗಳಕ್ಕೆ ಇಬ್ಬರು ಮಕ್ಕಳು ಅನ್ನುವ ಅರ್ಥ ಬರುವ ಹಾಗೆ ಜೋಡಿಸಿಕೊಂಡ. ಮಂಗಳಕ್ಕೆ ನಿಜವಾಗಿಯೂ ಎರಡು ಚಂದ್ರ ಇವೆ ಅಂತ ಪತ್ತೆಯಾದದ್ದು 1877ರಲ್ಲಿ! ಅಕ್ಷರ ಒಂದೇ ಇದ್ದ ಮಾತ್ರಕ್ಕೆ ಅರ್ಥ ಒಂದೇ ಆಗಬೇಕಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಹೊಸ ಕಲಿಕೆ

ಒಂದು ಕೊನೇ ಅನುಮಾನ. ಒಂದು ಗುಂಪಿನ ಎಲ್ಲ ಪದಗಳನ್ನೂ ಒಟ್ಟಿಗೆ ಕಲಿತರೆ ಒಳ್ಳೆಯದಾ? ‘ಏಂಜೆಲ್’, ‘ಆ್ಯಂಗಲ್’ ಒಟ್ಟಿಗೆ ಓದಿದ ಮೇಲೆ ಯಾವುದರಲ್ಲಿ ಇ ಮೊದಲು ಬರುತ್ತದೆ ಅನ್ನೋದೇ ನನಗೆ ಕಲಸುಮೇಲೋಗರ ಆಗಿದೆ.

ಟೈಲ್ ಆಟಗಾರ್ತಿ

ನಾನು ಒಟ್ಟಿಗೇ ಕಲಿಯೋದು. ಗುಂಪೇ ನೆನಪಿನ ಹಗ್ಗ, ಒಂದು ಎಳೆದರೆ ಉಳಿದವೂ ಬರುತ್ತವೆ.

ಹಳೇ ಓದುಗ

ಆಟಕ್ಕೆ ಅದು ಸರಿ. ಭಾಷೆ ಕಲಿಯುವವರಿಗೆ ಬೇಡ. ಮೊದಲು ‘ಏಂಜೆಲ್’ ಒಂದನ್ನೇ ತಗೊಳ್ಳಿ. ವಾಕ್ಯದಲ್ಲಿ ಓದಿ, ಬರೆಯಿರಿ. ದೇವದೂತ ಅನ್ನುವ ಅರ್ಥವೂ ಕಾಗುಣಿತವೂ ಕೈಗೆ ಹತ್ತಿದ ಮೇಲೆ ಕೋನ ಅನ್ನುವ ‘ಆ್ಯಂಗಲ್’ಗೆ ಬನ್ನಿ. ಅದೇ ಅಕ್ಷರಗಳಲ್ಲಿ ‘ಗ್ಲೀನ್’ ಅಂತ ಮೂರನೆಯದೂ ಇದೆ, ಕೊಯ್ಲಾದ ಮೇಲೆ ಹೊಲದಲ್ಲಿ ಉಳಿದ ತೆನೆ ಆಯುವುದು. ಅದಕ್ಕೆ ಅವಸರ ಇಲ್ಲ.

ಟೈಲ್ ಆಟಗಾರ್ತಿ

ಪರಿಚಯ ಇರುವ ಪದದ ಜೊತೆ ಹೊಸದನ್ನು ಇಟ್ಟರೆ ಹೊಸದು ಬೇಗ ಹತ್ತುತ್ತದೆ ಅಂತ ನಾನು ಈಗಲೂ ಹೇಳ್ತೀನಿ. ‘ಎಜುಕೇಷನ್’ ಗೊತ್ತಿರುವವರಿಗೆ ‘ಆಕ್ಷನ್ಡ್’ (ಹರಾಜಾದ), ‘ಕಾಷನ್ಡ್’ (ಎಚ್ಚರಿಸಲ್ಪಟ್ಟ) ಎರಡೂ ಅದರಲ್ಲೇ ಅಡಗಿವೆ ಅಂತ ತೋರಿಸಿ, ಮರೆಯಲ್ಲ. ಒಂಬತ್ತು ಅಕ್ಷರ, ಐದೂ ಸ್ವರ ಅದರೊಳಗೆ.

ಪದಪ್ರೀತಿ

ಇಬ್ಬರ ಮಾತೂ ಇಟ್ಟುಕೊಂಡು ಒಂದು ಗುಂಪನ್ನು ಹೊಸದಾಗಿ ಬರೆದಿದ್ದೇನೆ, ನೋಡಿ ಹೇಳಿ. ಪರಿಚಯದ ಪದ ಮೊದಲು, ಅಪರೂಪದ್ದು ಕೊನೆಗೆ.

ಎ-ಸಿ-ಇ-ಆರ್-ಎಸ್-ಟಿ. ‘ರಿಯಾಕ್ಟ್ಸ್’: ಪ್ರತಿಕ್ರಿಯೆ ಕೊಡುತ್ತದೆ, ‘ಆ್ಯಕ್ಟ್’ ಒಳಗೇ ಇದೆ. ‘ಟ್ರೇಸಸ್’: ಗುರುತುಗಳು, ಜಾಡು ಹಿಡಿಯುತ್ತದೆ ಅಂತಲೂ ಹೌದು. ‘ಕ್ರೇಟ್ಸ್’: ಸಾಮಾನು ಸಾಗಿಸುವ ಪೆಟ್ಟಿಗೆಗಳು. ‘ಕೇಟರ್ಸ್’: ಸಮಾರಂಭಕ್ಕೆ ಊಟ ಒದಗಿಸುತ್ತದೆ. ‘ಕ್ಯಾಸ್ಟರ್’: ಕುರ್ಚಿಯ ಕಾಲಿನ ಕೆಳಗಿನ ಪುಟ್ಟ ಚಕ್ರ. ‘ರೀಕಾಸ್ಟ್’: ಮತ್ತೆ ಎರಕ ಹೊಯ್ಯುವುದು, ನಾಟಕದಲ್ಲಿ ಪಾತ್ರಕ್ಕೆ ಬೇರೆಯವರನ್ನು ಹಾಕುವುದು. ‘ಕ್ಯಾರೆಟ್ಸ್’: ಇದು ಮಾತ್ರ ನನಗೆ ತೃಪ್ತಿಯಾಗುವ ಹಾಗೆ ಬರೆಯಲು ಬಂದಿಲ್ಲ.

ಕರಡು ತಿದ್ದುವವ

ಆ ಕೊನೆಯದು ನಮ್ಮ ಕಸುಬಿನ ಗುರುತು, ನಾನೇ ಹೇಳುತ್ತೇನೆ. ಕರಡಿನಲ್ಲಿ ಒಂದು ಪದ ಬಿಟ್ಟುಹೋಗಿದ್ದರೆ ಆ ಜಾಗದಲ್ಲಿ ಬಾಣದ ತುದಿಯಂತೆ ಚಿಕ್ಕ ಗೆರೆ ಎಳೆದು, ಬಿಟ್ಟದ್ದನ್ನು ಮೇಲೆ ಬರೆಯುತ್ತೇವೆ. ಆ ಗುರುತಿನ ಹೆಸರು ‘ಕ್ಯಾರೆಟ್’, ಸಿ-ಎ-ಆರ್-ಇ-ಟಿ. ಲ್ಯಾಟಿನ್‌ನಲ್ಲಿ ‘ಇಲ್ಲಿ ಕೊರತೆ ಇದೆ’ ಅಂತ ಅರ್ಥ. ಕೀಬೋರ್ಡ್‌ನಲ್ಲಿ 6ರ ಮೇಲೆ ಇರುವ ಗುರುತಿಗೂ ಅದೇ ಹೆಸರು. ತಿನ್ನುವ ಗಜ್ಜರಿಯಲ್ಲಿ ಆರ್ ಎರಡು, ಇ ಅಲ್ಲ ಒ. ವಜ್ರ ತೂಗುವ ಅಳತೆಯಲ್ಲಿ ಎ ಎರಡು. ಮೂರೂ ಕಿವಿಗೆ ಒಂದೇ. ಉಚ್ಚಾರದ ಕಾಲಂ ನೋಡಿ ಯಾರೂ ಮೋಸ ಹೋಗದ ಹಾಗೆ ಪಕ್ಕದಲ್ಲಿ ಇಷ್ಟನ್ನು ಬರೆದುಬಿಡಿ.

ಪದಪ್ರೀತಿ

ಸೇರಿಸಿದೆ. ಮುಂದಿನ ಗುಂಪು ಎ-ಇ-ಪಿ-ಆರ್-ಎಸ್. ‘ಸ್ಪೇರ್’, ‘ಸ್ಪಿಯರ್’, ‘ಪೇರ್ಸ್’, ‘ರೀಪ್ಸ್’, ‘ಪಾರ್ಸ್’ ಇಷ್ಟು ಸಿಕ್ಕಿವೆ. ಬಿಟ್ಟುಹೋದದ್ದು ಇದ್ದರೆ ಅರ್ಥದ ಸಮೇತ ಹಾಕಿ.